ಎರಡು ಸಲ ಹೊಳೆ ದಾಟಿದವನು

ಅಪ್ಪ ಮನೆಯಿಂದ ಕಾಣೆಯಾದದ್ದು ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ. ಬಾಗಿಲ ಚಿಲಕ ತೆಗೆದವಳು ನಾನು.

ಅವನಿಗೆ ಆಗ ಎಪ್ಪತ್ತೊಂದು. ಮೂವತ್ತನಾಲ್ಕು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸಗಳ ಹಲ್ಲು ಮಸೆದವನು. ಎಡಗಾಲಿನ ಕಿರುಬೆರಳನ್ನು ಅಲ್ಲೇ ಕಳೆದುಕೊಂಡಿದ್ದ. ನಾನು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವಳು. ಮನೆಯ ಹಿಂದಿನ ಕೋಣೆಯೇ ನನ್ನ ಕಾರ್ಖಾನೆ. "ನಮ್ದು ಹಲ್ಲಿನ ವಂಶ. ನನ್ನ ಹಲ್ಲು ಮರ ತಿನ್ನುತ್ತೆ, ನನ್ನ ಮಗಳ ಹಲ್ಲು ಅನ್ನ ತಿನ್ನುತ್ತೆ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಆರು ದಿನ ಮಿಲ್ಲು, ಏಳನೇ ದಿನ ಊರಾಚೆಯ ಗುಡ್ಡ. ಭಾನುವಾರ ಅವನನ್ನು ಮನೆಯಲ್ಲಿ ಹಿಡಿದಿಡಲು ಹರಿಹರಬ್ರಹ್ಮರಿಂದಲೂ ಆಗುತ್ತಿರಲಿಲ್ಲ. ಮೀನು ಹಿಡಿಯಲು ಹೋಗುವ ಮಿಲ್ಲಿನ ಗಂಡಸರು ಜೊತೆಗೆ ಕರೆದರೆ, "ನನ್ನ ಗ್ಯಾಂಗು ಮನೇಲಿದೆ ಕಣ್ರಪ್ಪ" ಎನ್ನುತ್ತಿದ್ದ. ಆ ಗ್ಯಾಂಗೆಂದರೆ ಅಮ್ಮ, ನಾನು, ನನಗಿಂತ ಐದು ವರ್ಷ ಚಿಕ್ಕವನಾದ ತಮ್ಮ. ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಯಾವ ಕಾಯಿ ತಿಂದರೆ ಹೊಟ್ಟೆ ಕೆಡುತ್ತದೆ, ಎಲ್ಲ ಹೇಳಿಕೊಡುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಹೆಜ್ಜೆ ಓದುವುದನ್ನು ಕಲಿಸಿದ. ನರಿ ನಡೆದರೆ ದಾರ ಎಳೆದ ಹಾಗೆ ಒಂದೇ ಗೆರೆ. ನಾಯಿ ನಡೆದರೆ ಕಂಡಕಂಡಲ್ಲಿ ಮೂಗು ತೂರಿಸಿದ ಗುರುತು. "ನೆಲ ಸುಳ್ಳು ಹೇಳಲ್ಲ ಮಗಾ. ಆದ್ರೆ ಅವಸರದಲ್ಲಿ ಓದ್ಬಾರ್ದು."

ಮರೆವು ಮೊದಲು ಗರಗಸ ಮಸೆಯುವ ಅರಗಳ ಹೆಸರುಗಳನ್ನು ತಿಂದಿತು. ಆಮೇಲೆ ಬೀದಿಯನ್ನು, ಆಮೇಲೆ ಅಮ್ಮನನ್ನು. ಒಂದು ಮಧ್ಯಾಹ್ನ ಊಟ ಬಡಿಸುತ್ತಿದ್ದ ಅವಳನ್ನು ನೋಡಿ, "ಯಾರ ಮನೆಯವರಮ್ಮ ನೀವು? ಬಹಳ ಒಳ್ಳೆಯವರು" ಎಂದ. ಅಮ್ಮ ನಕ್ಕಳು. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಿದ್ದ ಸದ್ದು ಕೇಳಿಸಿತು.

ಎರಡು ಸಲ ಹೊರಗೆ ಹೋದ. ಎರಡನೇ ಸಲ ಹೆದ್ದಾರಿಯ ಲಾರಿಗಳ ನಡುವೆ ಸಿಕ್ಕಿದ. ಅಂದೇ ಅಪ್ಪನ ಕೋಣೆಯ ಬಾಗಿಲಿಗೆ ತಮ್ಮ ಹೊರಗಿನಿಂದ ಚಿಲಕ ಜಡಿದ, ಅವನ ಬೂಟುಗಳನ್ನು ಅಟ್ಟದ ಮೇಲೆ ಬಚ್ಚಿಟ್ಟ. ತಮ್ಮ ಸಿಟಿ ಬಸ್ಸಿನ ಡ್ರೈವರ್. ಗಾಲಿಯ ಕೆಳಗೆ ಏನಾಗುತ್ತದೆಂದು ಕಂಡವನು. "ಬಯ್ಯೋರು ಬಯ್ಲಿ. ಜೀವ ಉಳಿದ್ರೆ ಸಾಕು" ಎಂದ. ನಾವ್ಯಾರೂ ಎದುರಾಡಲಿಲ್ಲ. ಗುಡ್ಡವೆಲ್ಲ ಸುತ್ತಿದವನಿಗೆ ಹತ್ತಡಿ ಕೋಣೆ. ಒಮ್ಮೆಯೂ ಬಾಗಿಲು ಗುದ್ದಲಿಲ್ಲ. ಪರರ ಮನೆಗೆ ಬಂದ ನೆಂಟನಂತೆ ಮೆಲ್ಲಗೆ ತಟ್ಟುತ್ತಿದ್ದ. "ಯಾರಾದ್ರೂ ಇದೀರಾ? ಸ್ವಲ್ಪ ತೆಗೀತೀರಾ?"

ಆ ಬುಧವಾರ ಅಮ್ಮ ಔಷಧಿ ತರಲು ಹೋಗಿದ್ದಳು. ತಮ್ಮ ಡ್ಯೂಟಿಯಲ್ಲಿದ್ದ. ಅಪ್ಪ ಬಾಗಿಲು ತಟ್ಟಿದ. ನೂರು ಸಲ ಕೇಳಿಯೂ ಕೇಳದಂತೆ ಇದ್ದವಳಿಗೆ ಅಂದು ತಡೆಯಲಾಗಲಿಲ್ಲ. ತೆಗೆದು, ಕೈಹಿಡಿದು ತಂದು ಹೊರಬಾಗಿಲ ಮೆಟ್ಟಿಲ ಮೇಲೆ ಕೂರಿಸಿದೆ. ಅವನು ಮುಖವನ್ನು ಗಾಳಿಗೆ ಒಡ್ಡಿ ಕಣ್ಣು ಮುಚ್ಚಿದ. ಒಳಗೆ ಒಲೆಯ ಮೇಲೆ ಯಾರದೋ ದವಡೆಯ ಅಚ್ಚು ಕುದಿಯುತ್ತಿತ್ತು. ಐದೇ ನಿಮಿಷವೆಂದು ಹೋದೆ. ಹದಿನೈದಾಗಿರಬೇಕು. ಬಂದು ನೋಡಿದರೆ ಮೆಟ್ಟಿಲು ಖಾಲಿ.

ತಮ್ಮ ಖಾಕಿ ಬಟ್ಟೆಯಲ್ಲೇ ಓಡಿ ಬಂದ. "ಚಿಲಕ ಯಾರು ತೆಗ್ದಿದ್ದು?"

"ನಾನೇ ಕಣೋ."

"ಯಾಕೆ?"

"ತಟ್ಟಿದ್ರು."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಇಡೀ ದಿನ ಪೊಲೀಸರೊಡನೆ ಬಸ್ ನಿಲ್ದಾಣ, ಮಾರ್ಕೆಟ್ಟು, ಆಸ್ಪತ್ರೆ ಎಂದು ಅಲೆದ. ನಾನೂ ಅಲೆದೆ. ಹೊತ್ತು ಮುಳುಗುವವರೆಗೆ ಒಬ್ಬರೂ ನೆಲ ನೋಡಲಿಲ್ಲ. ಅಪ್ಪ ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗಿತ್ತು.

ಮರುದಿನ ಬೆಳಕು ಹರಿದಾಗ ನಮ್ಮ ಗಲ್ಲಿಯ ಕೊನೆಯ ಚರಂಡಿ ಬದಿಗೆ ಹೋದೆ. ಮಳೆ ನಿಂತು ಎರಡು ದಿನವಾಗಿತ್ತು. ಹಸಿ ಮಣ್ಣಿನಲ್ಲಿ ಬರಿಗಾಲಿನ ಹೆಜ್ಜೆ. ಬಲಗಾಲು ಹೊರಕ್ಕೆ ತಿರುಗಿತ್ತು, ಎಡಗಾಲಿಗೆ ನಾಲ್ಕೇ ಬೆರಳು. ತಮ್ಮನನ್ನು ಕೂಗಿದೆ.

ಒಬ್ಬ ಪೊಲೀಸನನ್ನು ಜೊತೆಗಿಟ್ಟುಕೊಂಡು ಇಬ್ಬರೂ ಆ ಜಾಡು ಹಿಡಿದೆವು. ಇಟ್ಟಿಗೆ ಗೂಡು ದಾಟಿ, ಹಾಳು ಬಿದ್ದ ಹೊಲ ದಾಟಿ, ಗುಡ್ಡದ ಕಾಲುದಾರಿಗೆ. ಹೆಜ್ಜೆಗಳ ನಡುವೆ ಒಂದೇ ಅಂತರ. ಎಲ್ಲೂ ತಡವರಿಸಿಲ್ಲ, ಎಲ್ಲೂ ತಿರುಗಿ ನೋಡಿಲ್ಲ. ಕವಲು ಬಂದಲ್ಲಿ ನಿಲ್ಲದೆ ಎಡಕ್ಕೆ ಹೊರಳಿದ್ದ.

"ಅಪ್ಪಂಗೆ ದಾರಿ ತಪ್ಪಿಲ್ಲ ಅಕ್ಕ," ತಮ್ಮ ಹೇಳಿದ. ಹಿಂದಿನ ದಿನದಿಂದ ಅವನು ನನ್ನೊಡನೆ ಆಡಿದ ಮೊದಲ ಮಾತು. "ತಪ್ಪಿದ್ದು ಮನೇಲೇ."

ಜಾಡು ಹೊಳೆಗೆ ಬಂದು ನಿಂತಿತು. ತೊಡೆಯುದ್ದ ನೀರು, ಕೆಂಪಗೆ ರಭಸವಾಗಿ ಹರಿಯುತ್ತಿತ್ತು. ದಡದ ಕೆಸರಿನಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದ ಗುರುತು. ಎರಡೂ ಪಾದಗಳ ಮುಂಭಾಗ ಆಳಕ್ಕೆ ಇಳಿದಿತ್ತು, ಮುಂದೆ ಎರಡು ಅಂಗೈಗಳ ಅಚ್ಚು. ಅಲ್ಲಿಂದೆದ್ದು ನೀರಿಗಿಳಿದಿದ್ದ. ಪಕ್ಕದಲ್ಲೇ ನೀರಿನಿಂದ ಮರಳಿ ಬಂದ ಹೆಜ್ಜೆ. ಮತ್ತೆ ಕುಕ್ಕರಗಾಲು, ಮತ್ತೆ ಅಂಗೈ, ಮತ್ತೆ ನೀರಿಗೆ.

"ಏನ್ರೀ ಇದು, ಹೋಗೋದು ಬರೋದು?" ಎಂದ ಪೊಲೀಸು. "ಬುದ್ಧಿ ಸ್ವಾಧೀನದಲ್ಲಿ ಇರ್ಲಿಲ್ಲ ಅಂದ್ರಲ್ಲ, ಸರಿ."

ಸ್ವಲ್ಪ ಮೇಲೆ ಹೊಳೆಗೆ ಅಡ್ಡಲಾಗಿದ್ದ ಮರದ ಸಂಕದಿಂದ ಆಚೆ ಹೋಗಿ ಆ ದಡವನ್ನೂ ನೋಡಿದೆವು. ಎರಡು ಸಲ ಹತ್ತಿದ ಹೆಜ್ಜೆ. ಎರಡು ಸಲವೂ ಮರದಡಿ ಅದೇ ರೀತಿ ಕುಕ್ಕರಗಾಲಲ್ಲಿ ಕೂತ ಗುರುತು. ಎರಡು ಸಲ ನೀರಿಗೆ ಮರಳಿದ ಹೆಜ್ಜೆ.

ಚಿಕ್ಕಂದಿನಲ್ಲಿ ಈ ಸಂಕವಿರಲಿಲ್ಲ. ಅಪ್ಪ ಇಲ್ಲಿಯೇ ಕುಕ್ಕರಗಾಲಲ್ಲಿ ಕೂತು, "ಹತ್ತಿ, ಗಾಡಿ ಹೊರಡುತ್ತೆ" ಎಂದು ಬೆನ್ನು ಕೊಡುತ್ತಿದ್ದ. ಮೊದಲು ಅಮ್ಮ, ಆಚೆ ದಡದಲ್ಲಿ ದೊಡ್ಡವರು ಒಬ್ಬರು ಬೇಕಲ್ಲ. ಆಮೇಲೆ ತಮ್ಮ. ನಾನು ಧೈರ್ಯದವಳೆಂದು ಗಂಟುಮೂಟೆ ಕಾಯುತ್ತ ಈಚೆ ನಿಲ್ಲುತ್ತಿದ್ದೆ. ಕೊನೆಗೆ ನನ್ನನ್ನು ಹೊರಲು ಬರುತ್ತಿದ್ದ.

ಎರಡು ಸಲ ದಾಟಿದ್ದ. ಎರಡನೇ ಸಲ ಹಿಂದಕ್ಕೆ ಹೊರಟವನ ಹೆಜ್ಜೆ ಈಚೆ ದಡದಲ್ಲಿ ಇರಲಿಲ್ಲ. ನಡುವಿನ ಬಂಡೆಯ ಪಾಚಿಯ ಮೇಲೆ ಉದ್ದಕ್ಕೆ ಜಾರಿದ ಗೀರಿತ್ತು. ತಮ್ಮ ಅದನ್ನೇ ನೋಡುತ್ತ ನಿಂತಿದ್ದ.

ಅರ್ಧ ಫರ್ಲಾಂಗು ಕೆಳಗೆ, ಬೇರುಗಳ ನಡುವೆ ಅಪ್ಪ ಸಿಕ್ಕಿದ. ತಮ್ಮನೇ ನೀರಿಗಿಳಿದು ಹೊತ್ತು ತಂದ. ಪೊಲೀಸು ಕಾಗದ ತೆಗೆದು, ದಾರಿ ತಪ್ಪಿ ಕಾಲು ಜಾರಿ ಎಂದು ಬರೆಯತೊಡಗಿದ. "ದಾರಿ ತಪ್ಪಿರ್ಲಿಲ್ಲ" ಎಂದೆ. "ಇಷ್ಟು ಸಾಕಮ್ಮ, ಕೇಳೋರು ಯಾರು?" ಎಂದು ಬರೆದು ಮುಗಿಸಿದ.

ಎಲ್ಲ ಮುಗಿದ ಮೇಲೆ ಮನೆ ತುಂಬ ಜನ. ಮಿಲ್ಲಿನ ಹಳೆಯ ಮೇಸ್ತ್ರಿ ಅಳುತ್ತಳುತ್ತಲೇ ನಗಿಸಿದರು. ಯಜಮಾನರು ಭಾನುವಾರವೂ ಕೆಲಸ ಮಾಡಿಸಲು ನೋಡಿದಾಗ ಅಪ್ಪ ಮೊಂಡು ಗರಗಸವೊಂದನ್ನು ಅವರ ಮೇಜಿನ ಮೇಲಿಟ್ಟು, "ಇದಕ್ಕೂ ರಜ ಬೇಕಂತೆ, ನೀವೇ ವಿಚಾರಿಸಿ" ಎಂದಿದ್ದನಂತೆ. ಜನ ನಕ್ಕರು. ತಮ್ಮ ಎದ್ದು ಹಿತ್ತಲಿಗೆ ಹೋದ. ಹಿಂದೆಯೇ ಹೋದೆ.

"ಬೂಟಿದ್ದಿದ್ರೆ ಜಾರ್ತಿರ್ಲಿಲ್ಲ," ಎಂದ ಗೋಡೆಗೆ ಮುಖ ಮಾಡಿ. "ನೀನು ಬಾಗಿಲು ತೆಗ್ದೆ ಅಂತ ನಾನು ಊರಿಗೆಲ್ಲ ಹೇಳ್ದೆ. ಬೂಟು ಮುಚ್ಚಿಟ್ಟಿದ್ದು ನಾನು ಅಂತ ಯಾರಿಗೂ ಹೇಳಿಲ್ಲ."

ಆ ಬಂಡೆಯ ಗೀರನ್ನು ನಾನೂ ಓದಿದ್ದೆ.

"ಅಮ್ಮಂಗೆ ಹೊಳೆ ದಡದ ಹೆಜ್ಜೆ ವಿಷಯ ಹೇಳ್ಬೇಡ ಅಕ್ಕ. ತಡ್ಕೊಳಲ್ಲ."

ಒಂದು ವಾರ ಹೇಳಲಿಲ್ಲ. ಎಂಟನೇ ದಿನ ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದ ಅಮ್ಮ ತಾನಾಗಿ ಕೇಳಿದಳು. "ನೀನು ಹೆಜ್ಜೆ ನೋಡಿದೀಯ. ನಂಗೆ ಕಥೆ ಕಟ್ಬೇಡ. ಏನ್ ಮಾಡ್ತಿದ್ರು ಅಲ್ಲಿ?"

ಹೇಳಿದೆ. ಅವಳನ್ನು ದಾಟಿಸಿದ್ದು, ತಮ್ಮನನ್ನು ದಾಟಿಸಿದ್ದು, ಮತ್ತೆ ನೀರಿಗಿಳಿದದ್ದು. ಅವಳ ಕೈ ನಿಂತಿತು.

"ಮೂರು ವರ್ಷ ನನ್ನನ್ನ ಯಾರು ಅಂತ ಕೇಳಿದ್ರು," ಎಂದಳು. "ಅಲ್ಲಿ ಮೊದ್ಲು ಹೊತ್ತಿದ್ದು ನನ್ನನ್ನೇನಾ?"

"ನಿನ್ನನ್ನೇ."

ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು. ಆಮೇಲೆ, "ನಿನ್ನೊಬ್ಬಳನ್ನ ಈಚೆ ಬಿಟ್ಟು ಆಚೆ ಕೂರೋ ಮನುಷ್ಯ ಅಲ್ಲ ಅವರು" ಎಂದಳು. ಸಮಾಧಾನಕ್ಕೆ ಹೇಳಿದಳೋ, ದೂರಿದಳೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಎರಡು ತಿಂಗಳಿಗೆ ತಮ್ಮ ಡಿಪೋದ ಹತ್ತಿರ ಬೇರೆ ಮನೆ ಮಾಡಿದ. ಜಗಳವೇನಿಲ್ಲ. ವಾರಕ್ಕೊಮ್ಮೆ ಬರುತ್ತಾನೆ, ಅಮ್ಮನ ಪಕ್ಕ ಕೂರುತ್ತಾನೆ, ಊಟ ಮಾಡುತ್ತಾನೆ. ನನ್ನ ಮುಖ ನೋಡಿ ಮಾತಾಡುವುದು ಇನ್ನೂ ಅವನಿಂದಾಗಿಲ್ಲ. ನನ್ನಿಂದಲೂ.