‘ಎಲ್ಲರಿಗೂ ಆಗೋದೇ’ ಎಂದಿದ್ದಳು ಖುರ್ಷಿದಾ

ಗುಬ್ಬಿ ಪೇಟೆಯಲ್ಲಿ ಸೈಫುಲ್ಲಾನದು ಹಾಸಿಗೆ ಅಂಗಡಿ. ಅವನು ಮುಂದೆ ಕೂತು ಹತ್ತಿ ಹಿಂಜುತ್ತಾನೆ, ಹೆಂಡತಿ ಖುರ್ಷಿದಾ ಬೇಗಂ ಹಿಂದಿನ ಕೋಣೆಯಲ್ಲಿ ಗವುಸು ಹೊಲಿಯುತ್ತಾಳೆ.

2004ನೇ ಇಸವಿ. ಖುರ್ಷಿದಾಗೆ ಆಗ ನಲವತ್ತಾರು ವರ್ಷ. ಎರಡು ವರ್ಷದಿಂದ ಅವಳ ಮುಟ್ಟು ಹದ ತಪ್ಪಿತ್ತು. ಒಮ್ಮೆ ಇಪ್ಪತ್ತು ದಿನಕ್ಕೇ ಬರುವುದು, ಒಮ್ಮೆ ಎರಡು ತಿಂಗಳಾದರೂ ಕಾಣದಿರುವುದು. ಬಂತೆಂದರೆ ಹನ್ನೆರಡು ದಿನ, ಹದಿನೈದು ದಿನ, ರಕ್ತ ಹೆಪ್ಪುಗಟ್ಟಿ ಗೆಡ್ಡೆಗೆಡ್ಡೆಯಾಗಿ ಹೋಗುತ್ತಿತ್ತು. ಹೊಟ್ಟೆಯಡಿಯ ನೋವಿಗೆ ಸೆರಗು ಬಿಗಿದು ಕಟ್ಟಿ, ಕೆಳಗೆ ಗೋಣಿಚೀಲ ಹಾಸಿಕೊಂಡು ಮಿಷನ್ ತುಳಿಯುತ್ತಿದ್ದಳು. ಗಂಟೆಗೊಮ್ಮೆ ಎದ್ದು ಬಟ್ಟೆ ಬದಲಿಸಬೇಕು. ಬಿಳಿ ಗವುಸು ಮುಟ್ಟಲೂ ಹೆದರಿಕೆ. ಮುಟ್ಟಿನಲ್ಲಿ ರೋಜಾ ಉಪವಾಸ ಇಡುವಂತಿಲ್ಲ, ಆ ಸಲದ ರಂಜಾನ್‌ನಲ್ಲಿ ಅವಳಿಗೆ ಇಡಲು ಸಿಕ್ಕಿದ್ದು ಹನ್ನೊಂದೇ ರೋಜಾ.

ಅದೇ ಬೀದಿಯ ರಂಗಮ್ಮ ಆರೋಗ್ಯ ಕೇಂದ್ರದ ನರ್ಸು. ದಿಂಬಿಗೆ ಹತ್ತಿ ತುಂಬಿಸಲು ಬಂದವಳು ಖುರ್ಷಿದಾಳ ಮುಖ ನೋಡಿ ಅಲ್ಲೇ ಕೂತಳು.

“ಬಾಯಲ್ಲೇನೇ ಅಗೀತಿದೀಯ?”

“ಅಕ್ಕಿ. ಯಾಕೋ ಹಸಿ ಅಕ್ಕಿ ತಿನ್ಬೇಕು ಅನ್ಸುತ್ತೆ.”

ರಂಗಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪೇ ಇರಲಿಲ್ಲ.

“ಮೈಯಲ್ಲಿ ರಕ್ತ ಇಲ್ದಿದ್ರೆ ಹಿಂಗೆಲ್ಲ ತಿನ್ಬೇಕು ಅನ್ಸುತ್ತೆ ಕಣೇ. ಮುಟ್ಟು ಜಾಸ್ತಿ ಹೋಗ್ತಿದೆಯಾ?”

“ಗಂಟೆಗೊಂದು ಬಟ್ಟೆ ಬೇಕು, ಗೆಡ್ಡೆ ಬೀಳುತ್ತೆ, ವಾರ ದಾಟಿದ್ರೂ ನಿಲ್ಲಲ್ಲ,” ಎಂದು ಪಿಸುಗುಟ್ಟಿದಳು. “ನಿಲ್ಲೋ ಕಾಲ ಅಲ್ವೇನೇ. ನಮ್ಮಮ್ಮಂಗೂ ಹಿಂಗೇ ಹೋಗಿ ಹೋಗಿ ನಿಂತ್ಕೊಂತು.”

“ನಿಲ್ಲೋ ಕಾಲದಲ್ಲಿ ದಿನ ಹಿಂದೆಮುಂದೆ ಆಗುತ್ತೆ, ಸರಿ. ಗಂಟೆಗೊಂದು ಬಟ್ಟೆ ತೋಯೋದು, ಗೆಡ್ಡೆ ಬೀಳೋದು, ವಾರ ದಾಟಿದ್ರೂ ನಿಲ್ದೇ ಇರೋದು, ಇದು ಸರಿಯಲ್ಲ. ತುಮಕೂರಿಗೆ ಹೋಗಿ ತೋರ್ಸು.”

ಮುಟ್ಟು, ತುಮಕೂರು ಎಂಬ ಮಾತಷ್ಟೇ ಕೇಳಿಸಿ, ಹೊರಗಿನಿಂದಲೇ ಸೈಫುಲ್ಲಾ ಹೇಳಿದ: “ಹೋದ್ರೆ ಗರ್ಭಕೋಶ ತೆಗ್ದು ಕಳಿಸ್ತಾರೆ ರಂಗಮ್ಮ. ಹಾಗಲವಾಡಿ ಚಿಕ್ಕಮಾರಮ್ಮಂಗೆ ಯಾವ್ದೋ ನರ್ಸಿಂಗ್ ಹೋಮ್‌ನಲ್ಲಿ ಒಂದು ಮಾತ್ರೇನೂ ಕೊಡ್ದೆ ಕುಯ್ದ್ರಂತೆ. ಇವತ್ತಿಗೂ ಸೊಂಟ ಎತ್ತಕ್ಕಾಗಲ್ಲ.”

“ಅಂಥೋರೂ ಇದಾರೆ, ಇಲ್ಲ ಅನ್ನಲ್ಲ. ಅದಕ್ಕೇ ಕೇಳಿ, ತಿಳ್ಕೊಂಡು ಒಪ್ಕೋಬೇಕು. ತೋರ್ಸೋದೇ ಬೇಡ ಅಂದ್ರೆ ಹೆಂಗೆ?”

ಖುರ್ಷಿದಾ ತಲೆ ಬಗ್ಗಿಸಿ ಮಿಷನ್ ತುಳಿದಳು.

ಆ ಚಳಿಗಾಲದಲ್ಲಿ ಕುಣಿಗಲ್‌ನಿಂದ ಅವಳ ಅಕ್ಕ ಮಹೀನ್ ಫೋನ್ ಮಾಡಿದಳು. ಮಹೀನ್‌ಗೆ ಐವತ್ತನಾಲ್ಕು. ಮುಟ್ಟು ನಿಂತು ಮೂರು ವರ್ಷವಾಗಿತ್ತು.

“ಮತ್ತೆ ಕಾಣಿಸ್ತಿದೆ ಕಣೇ. ಒಂದೊಂದು ಹನಿ. ಯಾರ್ಗಾದ್ರೂ ತೋರಿಸ್ಲಾ?”

“ನಂಗೆ ಬಕೆಟ್‌ಗಟ್ಲೆ ಹೋಗ್ತಿದೆ, ನಾನೇ ಸುಮ್ನಿದೀನಿ ಆಪಾ. ಎಲ್ರಿಗೂ ಆಗೋದೇ. ಯಾವನೋ ಡಾಕ್ಟ್ರ ಮುಂದೆ ಯಾಕೆ ಮಲಗ್ತೀಯ.”

ಮಹೀನ್ ನಕ್ಕು ಫೋನ್ ಇಟ್ಟಳು. ತೋರಿಸಲಿಲ್ಲ.

ಎಂಟು ತಿಂಗಳು ಕಳೆಯುವಷ್ಟರಲ್ಲಿ ಹನಿ ಹೋಗಿ ದುರ್ವಾಸನೆಯ ನೀರಾಯಿತು, ಕಾಲು ಊದಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯವರು ಗರ್ಭಕೋಶದ ಕ್ಯಾನ್ಸರ್ ಎಂದರು. ಶುರುವಿನಲ್ಲೇ ಬಂದಿದ್ದರೆ ಆಪರೇಷನ್ ಮಾಡಿ ಉಳಿಸಬಹುದಿತ್ತು, ಈಗ ಶ್ವಾಸಕೋಶಕ್ಕೂ ಹಬ್ಬಿದೆ ಎಂದು ಮನೆಗೆ ಕಳಿಸಿದರು.

ಖುರ್ಷಿದಾ ಬಸ್ಸಿನ ಕಂಬಿ ಅಪ್ಪಿಕೊಂಡೇ ಕುಣಿಗಲ್ ಮುಟ್ಟಿದಳು. ಮಂಚದ ಮೇಲಿದ್ದ ಅಕ್ಕ ಬರೀ ಮೂಳೆಯಾಗಿದ್ದಳು.

“ಆಪಾ, ನಾನು ಅವತ್ತು ಹಂಗೆ ಹೇಳ್ಬಾರ್ದಿತ್ತು.”

“ನೀನು ಹೇಳಿದ್ದು ಕೇಳಿ ನಂಗೆ ಖುಷೀನೇ ಆಗಿತ್ತು. ಡಾಕ್ಟ್ರ ಹತ್ರ ಹೋಗೋದು ತಪ್ತಲ್ಲ ಅಂತ.” ಮಹೀನ್ ಉಸಿರು ಎಳೆದುಕೊಂಡಳು. “ನಿಂಗಿನ್ನೂ ಹೋಗ್ತಾನೇ ಇದೆಯಾ?”

“ಹೂಂ.”

“ತೋರಿಸ್ದ್ಯಾ?”

“ಇಲ್ಲ.”

ಮಹೀನ್ ಗೋಡೆಯ ಕಡೆ ತಿರುಗಿದಳು. “ಮತ್ತೆ ಕೇಳಕ್ಕೆ ನಾನಿರಲ್ಲ. ಹೋಗಿ ತೋರ್ಸು,” ಎಂದಳು.

ಹದಿನಾರು ದಿನಕ್ಕೆ ಅವಳು ತೀರಿಕೊಂಡಳು. ಮೂರನೇ ದಿನದ ಜಿಯಾರತ್ ಪ್ರಾರ್ಥನೆ ಮುಗಿದ ಮೇಲೆ ಖುರ್ಷಿದಾ ನೀರಿನ ತೊಟ್ಟಿಯ ಹತ್ತಿರ ಕುಸಿದು ಬಿದ್ದಳು. ಮಣ್ಣಿಗೆಂದು ಬಂದಿದ್ದ ಸೈಫುಲ್ಲಾ ಅವಳನ್ನು ಎತ್ತಿಕೊಂಡ, ಅವನ ಎರಡೂ ತೋಳು ರಕ್ತದಿಂದ ಕೆಂಪಾದವು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನು ಅದನ್ನು ಕಂಡದ್ದು ಅವತ್ತೇ ಮೊದಲು.

“ಇಷ್ಟೊಂದು ಹೋಗುತ್ತೆ ಅಂತ ಹೇಳ್ಬಾರ್ದಿತ್ತಾ?”

“ಹೆಂಗ್ ಹೇಳ್ಲಿ,” ಎಂದಳು ಅವಳು.

ಅವನು ರಂಗಮ್ಮನಿಗೆ ಫೋನ್ ಮಾಡಿ, ಅಲ್ಲಿಂದ ನೇರ ತುಮಕೂರಿಗೆ ಕರೆದೊಯ್ದ. ಪರೀಕ್ಷೆ ಮಾಡಿದವರು ಶಾಂತಲಾ ಎಂಬ ಡಾಕ್ಟರಮ್ಮ. ರಕ್ತದ ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದಲ್ಲಿ ಐದು ಇತ್ತು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಹೃದಯವೇ ಸೋಲುತ್ತಿತ್ತು ಎಂದರು. ಮೂರು ಬಾಟಲಿ ರಕ್ತ ಏರಿಸಿದರು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಒಂದು ಸಣ್ಣ ಗಡ್ಡೆ ಕಂಡಿತು, ಎಷ್ಟೋ ಹೆಂಗಸರಲ್ಲಿ ಇರುವಂಥದ್ದು, ಅದರಿಂದ ಭಯವಿಲ್ಲ ಎಂದರು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ನಿಮಿಷದ ಕೆಲಸ, ಮುಟ್ಟಿನ ನೋವಿನಷ್ಟೇ ನೋವು.

ವರದಿ ಬರಲು ಎಂಟು ದಿನ. ಆ ಎಂಟು ದಿನವೂ ಖುರ್ಷಿದಾ ಅಕ್ಕನಿಗೆ ಬಂದದ್ದೇ ತನಗೂ ಬರಲಿ, ಅದೇ ನ್ಯಾಯ ಎಂದುಕೊಂಡಳು. ಕ್ಯಾನ್ಸರ್ ಇಲ್ಲ ಎಂದು ವರದಿ ಬಂತು. ಅವಳು ಅಳತೊಡಗಿದಳು. ಅಕ್ಕನಿಗೂ ಈ ಹತ್ತು ನಿಮಿಷ ಸಾಕಿತ್ತು.

ಈಗ ಸೈಫುಲ್ಲಾನೇ ಹೇಳಿದ: “ಗರ್ಭಕೋಶ ತೆಗ್ದೇ ಬುಡಿ ಮೇಡಂ. ಆ ಹೆದ್ರಿಕೆನೇ ಬೇಡ.”

“ಅವರ ಮೈ ಅದು, ಅವರನ್ನ ಕೇಳೋಣ,” ಎಂದರು ಶಾಂತಲಾ. ಖುರ್ಷಿದಾಳ ಕಡೆ ತಿರುಗಿದರು. “ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗೋ ಮಾತ್ರೆ ಇದೆ, ಹೋಗೋದೂ ಕಮ್ಮಿಯಾಗುತ್ತೆ, ನೋವೂ ಕಮ್ಮಿಯಾಗುತ್ತೆ. ಹಾರ್ಮೋನ್ ಮಾತ್ರೆ ಇದೆ. ಗರ್ಭಕೋಶದೊಳಗೆ ಇಡೋ ಹಾರ್ಮೋನ್ ಸಾಧನ ಇದೆ, ಐದು ವರ್ಷ ಇರುತ್ತೆ. ಯಾವ್ದು ಯಾರಿಗೆ ಆಗುತ್ತೆ ಅಂತ ಬಿಪಿ, ಸಕ್ಕರೆ ಎಲ್ಲ ನೋಡಿ ಹೇಳ್ತೀವಿ. ಇದ್ಯಾವುದಕ್ಕೂ ಬಗ್ಗದಿದ್ರೆ ಆಗ ಆಪರೇಷನ್. ಕೆಲವರಿಗೆ ಅದೇ ಸರಿ, ನಿಮಗೆ ಈಗಲೇ ಬೇಕಿಲ್ಲ.”

“ಮಾತ್ರೆ ಮೊದ್ಲು ನೋಡ್ತೀನಿ,” ಎಂದಳು ಖುರ್ಷಿದಾ.

ಮೊದಲ ಮಾತ್ರೆ ಅವಳಿಗೆ ಹಿಡಿಸಲಿಲ್ಲ, ಹೊಟ್ಟೆ ತೊಳಸಿತು. ಬದಲಿಸಿದರು. ಕಬ್ಬಿಣದ ಮಾತ್ರೆ ಆರು ತಿಂಗಳು ನುಂಗಿದಳು. ಆಮೇಲೆ ಮುಟ್ಟು ಐದು ದಿನಕ್ಕೆ ನಿಲ್ಲತೊಡಗಿತು, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ನೋವು ಒಮ್ಮೊಮ್ಮೆ ಬರುತ್ತಿತ್ತು. ಮೂರು ತಿಂಗಳಿಗೊಮ್ಮೆ ಸೈಫುಲ್ಲಾ ಅಂಗಡಿ ಮುಚ್ಚಿ ಆಸ್ಪತ್ರೆಗೆ ಜೊತೆಗೆ ಹೋಗುತ್ತಿದ್ದ. ಕುಣಿಗಲ್‌ಗೆ ಹೋಗಲು ಮಾತ್ರ ಅವಳಿಗೆ ಇನ್ನೂ ಕಾಲು ಬರುವುದಿಲ್ಲ.

ಇದನ್ನು ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನಿಮ್ಮಲ್ಲಿ ಯಾರಿಗಾದರೂ ಮುಟ್ಟು ವಾರ ದಾಟುತ್ತಿದ್ದರೆ, ಗೆಡ್ಡೆ ಬೀಳುತ್ತಿದ್ದರೆ, ನಡುನಡುವೆ ಕಾಣಿಸುತ್ತಿದ್ದರೆ, ಈ ವಾರವೇ ನಿಮ್ಮೂರ ನರ್ಸಮ್ಮನಿಗೆ ಹೇಳಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಹನಿ ಕಂಡರೂ ತಡ ಮಾಡಬೇಡಿ. ಗರ್ಭಕೋಶ ತೆಗೆಯಬೇಕು ಎಂದರೆ ಯಾಕೆ, ಬೇರೆ ದಾರಿ ಇಲ್ಲವೇ ಎಂದು ಕೇಳಿ. ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಗಂಡಸರೇ, ನೀವೂ ಮನೆಯಲ್ಲಿ ಇವತ್ತೇ ವಿಚಾರಿಸಿ. ಅಕ್ಕಂದಿರೇ, ಪಕ್ಕದಲ್ಲಿ ಕೂತ ಹೆಂಗಸು ನಾಚಿಕೆಯಿಂದ ಸುಮ್ಮನಿದ್ದರೆ, ಅವಳ ಕೈ ಹಿಡಿದು ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ.