ಉಜ್ಜಬೇಡಿ, ಒತ್ತಿ ತೆಗೀರಿ

ಸಾಹುಕಾರರ ಕಾರಿನ ಹಿಂದಿನ ಸೀಟಿನಲ್ಲಿ ಸಾಹುಕಾರರನ್ನು ಬಿಟ್ಟರೆ ನೊಣ ಕೂಡ ಕೂರುವ ಹಾಗಿರಲಿಲ್ಲ. ಕೂತರೆ ನನ್ನ ಅಳಿಯ ಅದಕ್ಕೆ ಬಟ್ಟೆಯಲ್ಲಿ ಗಾಳಿ ಬೀಸಿ, ಗೇಟಿನ ತನಕ ಮರ್ಯಾದೆಯಾಗಿ ಕಳಿಸಿ ಬರುತ್ತಿದ್ದ. ಅವನಿಗಿಂತ ಮುಂಚೆ ಇದ್ದ ಡ್ರೈವರ್ ಒಂದು ಮಧ್ಯಾಹ್ನ ಹೆಂಡತಿಯನ್ನು ಆ ಸೀಟಿನಲ್ಲಿ ಕೂರಿಸಿಕೊಂಡು ಹೋಗಿದ್ದನಂತೆ. ಸಂಜೆಯೊಳಗೆ ಅವನ ಪಾತ್ರೆ ಪಡಗವೆಲ್ಲ ಬೀದಿಯಲ್ಲಿತ್ತು. ಅವನು ಖಾಲಿ ಮಾಡಿದ ಮನೆಯಲ್ಲೇ ಈಗ ನಾವಿರುವುದು. ಕಾರ್ ಶೆಡ್ಡಿನ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ಒಬ್ಬರು ಸೀನಿದರೆ ಕೋಣೆಯಲ್ಲಿ ಇರುವವರೆಲ್ಲ ಮುಖ ಒರೆಸಿಕೊಳ್ಳಬೇಕು. ಆದರೂ ಸೂರು ಸೂರೇ. ಅಳಿಯನ ಕೆಲಸ ಹೋದರೆ ಅದೂ ಹೋಯಿತು.

ಆ ಕೋಣೆಯಲ್ಲಿ ಮಗಳು, ಅಳಿಯ, ನಾನು, ಮತ್ತೆ ಅಳಿಯನ ತಾಯಿ, ಅಂದರೆ ನನ್ನ ಬೀಗಿತಿ. ಇಬ್ಬರು ವಿಧವೆಯರಿಗೂ ಒಂದೇ ಮಂಚ. ಬೀಗಿತಿಗೆ ತಲೆಗೂದಲಿನ ಮೇಲೆ ಲೋಕದಲ್ಲಿಲ್ಲದ ಪ್ರೀತಿ. ಬಣ್ಣ ಹಚ್ಚಿಕೊಂಡು ಕೂತರೆ ಬಟ್ಟಲು ಖಾಲಿಯಾಗುವ ತನಕ ಏಳುತ್ತಿರಲಿಲ್ಲ. ನಾನು ಸುಮ್ಮನಿರುತ್ತೇನೆಯೇ?

"ಏನು ಬೀಗರೇ, ಇನ್ನೊಂದು ಮದುವೆಗೆ ಗಂಡು ನೋಡಿದೀರಾ? ನಿಮ್ಮ ದಿಂಬು ನೋಡಿದರೆ ಇದ್ದಿಲು ಗೋಣಿ ಆಗಿದೆ" ಅನ್ನುತ್ತಿದ್ದೆ.

"ನಿಮ್ಮ ಬಿಳಿ ತಲೆ ನೋಡಿ ನೋಡಿ ಕಣ್ಣು ಕುಕ್ಕುತ್ತೆ, ಅದಕ್ಕೆ ಮನೇಲಿ ಒಂದಾದರೂ ಕಪ್ಪು ಇರಲಿ ಅಂತ" ಎಂದು ಅವರೂ ಬಿಡುತ್ತಿರಲಿಲ್ಲ.

ಒಂದು ದಿನ ಸಾಹುಕಾರರು ಪರವೂರಿನ ಯಾವುದೋ ಸನ್ಮಾನಕ್ಕೆ ಹೊರಟರು, ವಾರ ಬಿಟ್ಟು ಬರುವವರು. ಅವರಿಗೆ ನನಗಿಂತ ಒಂದೆರಡು ವರ್ಷ ಹೆಚ್ಚೇ ಆಗಿರಬೇಕು. ತಲೆಯಲ್ಲಿ ಮಾತ್ರ ಒಂದು ಬಿಳಿ ಎಳೆ ಇಲ್ಲ. ಚಿಂತೆಯನ್ನೆಲ್ಲ ನಮಗೆ ಹಂಚಿಬಿಟ್ಟಿದ್ದಾರೆ, ಇನ್ನು ಅವರಿಗೆಲ್ಲಿಂದ ನರೆ ಬರಬೇಕು ಎಂದು ನಾನೇ ಹೇಳಿದ್ದೆ. ಅಳಿಯ ಅವರನ್ನು ರೈಲು ಹತ್ತಿಸಿ ಬಂದು ಕಾರನ್ನು ಶೆಡ್ಡಿಗೆ ಸೇರಿಸಿದ.

ಮಾರನೆಯ ಬೆಳಿಗ್ಗೆ ಬೀಗಿತಿ ಎದೆ ಹಿಡಿದುಕೊಂಡು ಕೆಳಗೆ ಕುಸಿದರು. ತುಟಿ ನೀಲಿ. ಆಸ್ಪತ್ರೆಯ ಗಾಡಿಗೆ ಫೋನ್ ಮಾಡಿದರೆ ಬರುತ್ತೇವೆ, ಬರುತ್ತೇವೆ ಅಂದರು. ಆಟೋದವನು ಮುಖ ನೋಡಿ ಹೊರಟೇಹೋದ. ಅಳಿಯ ಶೆಡ್ಡಿನ ಬೀಗ ತೆಗೆದ. ಹಿಂದಿನ ಸೀಟಿನಲ್ಲಿ ನಾನು ಕೂತೆ, ಬೀಗಿತಿಯ ತಲೆ ನನ್ನ ಮಡಿಲಲ್ಲಿ. ಈಚೆಗೆ ಸದಾ ಮಾಡುತ್ತಿದ್ದ ಹಾಗೆ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡಿದ್ದರು, ಆ ಸಂಕಟದಲ್ಲೂ ಬಿಡಲಿಲ್ಲ.

ಡಾಕ್ಟರು ಜೀವ ಉಳಿಸಿಕೊಟ್ಟರು. ಹೃದಯ ದಣಿದಿದೆ, ಗಾಬರಿ ಬೀಳಿಸಬೇಡಿ ಎಂದು ಹೇಳಿ, ಸ್ವಲ್ಪ ದಿನ ಇಟ್ಟುಕೊಂಡು ಮನೆಗೆ ಕಳಿಸಿದರು.

ಗಾಬರಿ ಶೆಡ್ಡಿನಲ್ಲಿ ಕಾದು ಕೂತಿತ್ತು.

ಸಾಹುಕಾರರು ಅವತ್ತು ಸಂಜೆಯ ರೈಲಿಗೆ ಬರುವವರಿದ್ದರು. ಆಸ್ಪತ್ರೆ ಮನೆ ಅಂತ ಓಡಾಡುತ್ತಿದ್ದ ಅಳಿಯ ಅವತ್ತೇ ಕಾರು ಒರೆಸಲು ಹೋದದ್ದು. ಹೋದವನು ಬಾಗಿಲಲ್ಲಿ ಬಂದು ನಿಂತ. ಮುಖದಲ್ಲಿ ರಕ್ತವಿಲ್ಲ.

"ಅತ್ತೆ, ಬನ್ನಿ ಸ್ವಲ್ಪ."

ನಾನೂ ಮಗಳೂ ಹೋಗಿ ನೋಡಿದೆವು. ಕೆನೆ ಬಣ್ಣದ ಚರ್ಮದ ಸೀಟು. ಅದರ ತಲೆದಿಂಬಿನ ನಟ್ಟನಡುವೆ ರೊಟ್ಟಿಯಗಲದ ಕಪ್ಪು ಮಚ್ಚೆ.

"ತಲೆ ಬಣ್ಣ" ಅಂದಳು ಮಗಳು. ಮೂವರೂ ಒಟ್ಟಿಗೆ ಕೋಣೆಯ ಕಡೆ ತಿರುಗಿದೆವು. ತೆರೆದ ಕಿಟಕಿಯಲ್ಲಿ ಮಂಚ ಕಾಣುತ್ತಿತ್ತು.

"ನಾನಲ್ಲಪ್ಪಾ" ಅಂತ ಒಳಗಿನಿಂದ ಕ್ಷೀಣವಾದ ದನಿ ಬಂತು. "ನನ್ನ ತಲೆ ಇದ್ದಿದ್ದು ಬೀಗಿತಿ ಮಡಿಲಲ್ಲಿ."

"ಇಳಿಸುವಾಗ ತಗುಲಿರುತ್ತೆ ಬಿಡಿ" ಅಂದೆ ನಾನು. ಈ ಮನೆಯಲ್ಲಿ ಕಪ್ಪು ಎಲ್ಲಿ ಕಂಡರೂ ಅದು ಬೀಗಿತಿಯದೇ ಎಂದು ವರ್ಷಗಟ್ಟಲೆ ಹಾಡಿದವಳು ನಾನೇ ಅಲ್ಲವೇ? ಎಲ್ಲರ ಬಾಯಲ್ಲೂ ಅದೇ ಹಾಡು ಬಂತು.

ಮಗಳು ಒದ್ದೆ ಬಟ್ಟೆ ತಂದು ಗಸಗಸ ಉಜ್ಜಿದಳು. ರೊಟ್ಟಿಯಗಲ ಇದ್ದದ್ದು ತಟ್ಟೆಯಗಲ ಆಯಿತು.

"ಉಜ್ಜಬೇಡ ಮಾರಾಯ್ತಿ!" ಅಳಿಯ ಅವಳ ಕೈ ಹಿಡಿದ. "ಉಜ್ಜಿದರೆ ಚರ್ಮದ ಒಳಕ್ಕೆ ಇಳಿಯುತ್ತೆ. ಒತ್ತಿ ತೆಗೀಬೇಕು. ಒತ್ತು, ಎತ್ತು, ಹತ್ತಿ ಬದಲಾಯಿಸು."

ಸೋಪಿನ ನೊರೆ ಹಚ್ಚಿದೆವು. ನೊರೆ ಬೂದು ಬಣ್ಣವಾಯಿತು, ಮಚ್ಚೆ ಹಾಗೇ ಇತ್ತು. ಹಲ್ಲುಜ್ಜುವ ಪೇಸ್ಟ್ ಹಚ್ಚಿದೆವು. ಕಾರಿನ ಬಾಯಿ ಘಮಘಮ ಎಂದಿತೇ ಹೊರತು ಮಚ್ಚೆ ಕದಲಲಿಲ್ಲ. ಕೊನೆಗೆ ಅಳಿಯ ಆಸ್ಪತ್ರೆಯಿಂದ ತಂದಿದ್ದ ಸ್ಪಿರಿಟ್ ಬಾಟಲಿ ಹುಡುಕಿ ತೆಗೆದ. ಹತ್ತಿಗೆ ಒಂದು ಹನಿ, ಒತ್ತು, ಎತ್ತು. ಹತ್ತಿ ಕಪ್ಪಾಯಿತು. ಇನ್ನೊಂದು ಹತ್ತಿ. ಅದೂ ಕಪ್ಪು. ನಮ್ಮ ಕಾಲ ಬುಡದಲ್ಲಿ ಕಾಗೆಮರಿಗಳ ಸಂತೆ ನೆರೆದಂತೆ ಹತ್ತಿಯುಂಡೆ ಬಿದ್ದವು. ಮಚ್ಚೆ ಮಸುಕಾಯಿತು, ಮಾಯವಾಯಿತು.

ಮಗಳು ನಕ್ಕಳು. ಅಳಿಯ ನಗಲಿಲ್ಲ. ಹಿಂದೆ ಸರಿದು ನೋಡಿ, ತಲೆಯ ಮೇಲೆ ಕೈಯಿಟ್ಟುಕೊಂಡ.

ಮಚ್ಚೆ ಇದ್ದ ಜಾಗ ಹಾಲಿನ ಹಾಗೆ ಬೆಳ್ಳಗಿತ್ತು. ಉಳಿದ ಸೀಟೆಲ್ಲ ಹಳದಿ. ನಾವು ಕೆನೆ ಬಣ್ಣ ಎಂದು ಇಷ್ಟು ದಿನ ತಿಳಿದದ್ದು ಕೆನೆಯಲ್ಲ, ಕೊಳೆ. ಈಗ ಕುರುಡರೂ ಬೆರಳಿಟ್ಟು ತೋರಿಸಬಹುದಿತ್ತು, ಇಲ್ಲೇ ಏನೋ ಒರೆಸಿದ್ದಾರೆ ಎಂದು.

"ಹಾಗಾದರೆ ಕಾರೆಲ್ಲ ಇಷ್ಟೇ ಬೆಳ್ಳಗೆ ಮಾಡಬೇಕು" ಅಂದ ಅಳಿಯ.

ಆಗ ಶುರುವಾಯಿತು ನೋಡಿ. ಒಂದು ಸೀಟು ಬೆಳಗಿದರೆ ಪಕ್ಕದ್ದು ಕೊಳಕಾಗಿ ಕಾಣುತ್ತದೆ. ಎರಡೂ ಆದರೆ ಬಾಗಿಲು. ಬಾಗಿಲಾದರೆ ಬೆಲ್ಟು. ಸಮುದ್ರ ಕೂಡ ಇಷ್ಟು ಒರೆಸಿದ್ದರೆ ಒಣಗಿಹೋಗುತ್ತಿತ್ತು. ಮಗಳು ಮ್ಯಾಟ್‌ಗಳನ್ನು ಗೋಡೆಗೆ ಬಡಿದು ಬಡಿದು ಧೂಳಿನಲ್ಲೇ ಕಾಣದಾದಳು. ಅಳಿಯ ಏಸಿಯ ಗಾಳಿ ಬರುವ ಸಂದಿಗಳಿಗೆ ಪೇಂಟ್ ಬ್ರಷ್ ತೂರಿಸಿ ಧೂಳು ತೆಗೆದ. ನಾನು ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹೊಲಿಗೆ ಹೊಲಿಗೆಗೂ ಹತ್ತಿ ಒತ್ತುತ್ತಿದ್ದೆ. ಮಂಡಿ ಅಳುತ್ತಿತ್ತು. ಮನೆಯ ಫ್ಯಾನ್ ತಂದು ವೈರ್ ಎಳೆದು ಒಣಗಲು ಇಟ್ಟರೆ, ಸ್ಪಿರಿಟ್ ವಾಸನೆ ಬೀದಿಗೆಲ್ಲ ಇಂಜೆಕ್ಷನ್ ಕೊಟ್ಟ ಹಾಗಾಯಿತು.

ಮಧ್ಯೆ ಮಗಳು ಒಳಗೆ ಹೋದಳು. ಪಾತ್ರೆಗಳ ಸದ್ದು ಕೇಳಿಸಿತು. ಬಂದವಳ ಕಣ್ಣು ಕೆಂಪಗಿತ್ತು.

"ಏನು ಮಾಡ್ತಿದ್ದೆ?" ಅಂದೆ.

"ದೊಡ್ಡ ಪಾತ್ರೆ ಕಟ್ಟಿಟ್ಟೆ. ಅವರು ಎಸೆಯೋದಕ್ಕಿಂತ ನಾವೇ ಕಟ್ಟಿಟ್ಟರೆ ಸೊಟ್ಟಾಗಲ್ಲ."

ನಾನು ತಮಾಷೆ ಬಿಟ್ಟು ಇನ್ನೊಂದು ಹತ್ತಿ ಕೈಗೆ ತೆಗೆದುಕೊಂಡೆ. ಹುಟ್ಟಿದಾಗಿನಿಂದ ಮೊದಲ ಸಲ ಇರಬೇಕು.

ಅಳಿಯ ಸ್ಟೇಷನ್ನಿಗೆ ಹೊರಡುವ ಹೊತ್ತು ಇನ್ನೂ ದೂರವಿತ್ತು. ಅಷ್ಟರಲ್ಲಿ ಗೇಟಿನ ಮುಂದೆ ಯಾರದೋ ಕಾರು ನಿಂತಿತು. ಸಾಹುಕಾರರು ಇಳಿದರು. ಯಾರೋ ಸ್ನೇಹಿತರು ಆ ಊರಿನಿಂದಲೇ ತಮ್ಮ ಕಾರಿನಲ್ಲಿ ತಂದು ಬಿಟ್ಟರಂತೆ. ಬಿಸಿಲಲ್ಲಿ ಬೆವರೊರೆಸುತ್ತಾ ನೇರ ಶೆಡ್ಡಿಗೇ ಬಂದರು.

ಕಾರಿನ ಬಾಗಿಲುಗಳೆಲ್ಲ ಹಾರು ಹೊಡೆದಂತೆ ತೆರೆದಿದ್ದವು. ಹಿಂದಿನ ಸೀಟಿನಲ್ಲಿ ನಾನು, ಕೈಯಲ್ಲಿ ಕಪ್ಪು ಹತ್ತಿ.

"ಏನಿದು?" ಅಂದರು.

ಅಳಿಯನ ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚಿತು.

"ಕ್ಲೀನ್ ಮಾಡ್ತಿದ್ವಿ ಸಾರ್" ಎಂದಳು ಮಗಳು.

"ಈ ಹತ್ತಿ ಯಾಕೆ ಕಪ್ಪಾಗಿದೆ? ನನ್ನ ಗಾಡೀಲಿ ಯಾರು ಕೂತಿದ್ದರು? ಹೇಳು ಡ್ರೈವರ್."

ಆಗ ಹಿಂದಿನಿಂದ ಗೋಡೆ ಸವರುವ ಸದ್ದಾಯಿತು. ಬೀಗಿತಿ ಒಂದು ಕೈಯಲ್ಲಿ ಎದೆ, ಇನ್ನೊಂದರಲ್ಲಿ ಗೋಡೆ ಹಿಡಿದು ಬರುತ್ತಿದ್ದರು.

"ಅಮ್ಮಾ, ಯಾಕೆ ಎದ್ದೆ!" ಅಳಿಯ ಓಡಿದ.

"ಬಿಡೋ ನನ್ನ. ಸಾಹುಕಾರರೇ, ಕೂತವಳು ನಾನು. ಪ್ರಾಣ ಹೋಗ್ತಿತ್ತು, ನನ್ನ ಮಗ ಆಸ್ಪತ್ರೆಗೆ ಹಾಕಿದ. ತಪ್ಪು ಅಂದರೆ ನನ್ನದು. ನನ್ನನ್ನ ಬೇಕಾದರೆ ಹೊರಗೆ ಹಾಕಿ, ಮಕ್ಕಳಿಗೆ ನೆರಳು ಬಿಡಿ." ಉಸಿರು ಎಳೆದುಕೊಂಡರು. "ಆದರೆ ಆ ಕಪ್ಪು ನನ್ನದಲ್ಲ. ಬೆಳಿಗ್ಗೆಯಿಂದ ಹೇಳ್ತಿದೀನಿ, ಯಾರೂ ಕೇಳ್ತಿಲ್ಲ."

ಹೇಳಿದವರೇ ತಲೆಯ ಸೆರಗನ್ನು ಕಿತ್ತು ಕೆಳಗೆ ಬಿಟ್ಟರು.

ಹತ್ತಿ ಒಡೆದ ಹಾಗೆ ತಲೆ. ಒಂದು ಕಪ್ಪು ಎಳೆ ಇಲ್ಲ. ಎಷ್ಟು ಕಾಲದಿಂದ ಬಣ್ಣ ಮುಟ್ಟಿರಲಿಲ್ಲವೋ! ಒಂದೇ ಮಂಚದಲ್ಲಿ ಮಲಗುವ ನನಗೆ ಗೊತ್ತಾಗದ ಹಾಗೆ ಸುತ್ತಿ ಮುಚ್ಚಿಟ್ಟಿದ್ದರು. ನಾನು ಆಡಿಕೊಳ್ಳುತ್ತೇನೆ ಎಂದೇ ಇರಬೇಕು.

ಹಾಗಾದರೆ ಯಾರದು?

ಮೊದಲು ಮಗಳು ನೋಡಿದಳು. ಆಮೇಲೆ ಅಳಿಯ. ಆಮೇಲೆ ನಾನು. ಸಾಹುಕಾರರ ಕಿವಿಯ ಹಿಂದಿನಿಂದ ಒಂದು ಬೆವರ ಹನಿ ಇಳಿಯುತ್ತಿತ್ತು. ಇದ್ದಿಲಿನಷ್ಟು ಕಪ್ಪು. ಕುತ್ತಿಗೆಯ ಮೇಲೆ ಗೆರೆ ಎಳೆದು, ಅವರ ಬಿಳಿ ಕಾಲರಿಗೆ ಬಂದು ಮುಟ್ಟಿತು. ಸನ್ಮಾನಕ್ಕೆ ಹೊರಟ ದಿನ ಹಚ್ಚಿದ ಬಣ್ಣ ಒಣಗುವ ಮೊದಲೇ ಸೀಟಿಗೆ ಒರಗಿದ್ದರೇನೋ, ಇವತ್ತು ಮತ್ತೆ ಹೊಸದು ಹಚ್ಚಿಕೊಂಡಂತಿತ್ತು!

ಸಾಹುಕಾರರು ನಮ್ಮ ಕಣ್ಣು ನೋಡಿ ಕುತ್ತಿಗೆ ಮುಟ್ಟಿದರು. ಬೆರಳು ನೋಡಿಕೊಂಡರು. ಸೀಟಿನ ಕಡೆ ನೋಡಿದರು. ಕೆಂಪಾದರು, ಕಪ್ಪಾದರು. ಆ ಕ್ಷಣ ನಾವು ಬಾಯಿ ತೆರೆದರೆ ನಮ್ಮನ್ನು ಹೊರಗೆ ಹಾಕುತ್ತಾರೋ, ಸುಮ್ಮನಿದ್ದರೆ ಉಳಿಸುತ್ತಾರೋ, ನನಗೆ ತಿಳಿಯಲಿಲ್ಲ. ಮಗಳು ಕಟ್ಟಿಟ್ಟ ಪಾತ್ರೆಗಳು ಮಾತ್ರ ಕಣ್ಣ ಮುಂದೆ ಬಂದವು. ನನಗೆ ಗೊತ್ತಿದ್ದದ್ದು ಒಂದೇ. ಹೊಸ ಹತ್ತಿಗೆ ಸ್ಪಿರಿಟ್ ಹಾಕಿ, ಸೀಟಿನಿಂದ ಕೈ ಚಾಚಿದೆ.

"ಸಾಹುಕಾರರೇ, ಕಾಲರಿಗೆ. ಉಜ್ಜಬೇಡಿ, ಒತ್ತಿ ತೆಗೀರಿ. ಉಜ್ಜಿದರೆ ಒಳಕ್ಕೆ ಇಳಿಯುತ್ತೆ."

ಅವರು ತೆಗೆದುಕೊಂಡರು. ಒತ್ತಿದರು. ಎತ್ತಿದರು. ಹತ್ತಿ ಕಪ್ಪಾಯಿತು. ನಾನು ಇನ್ನೊಂದು ಕೊಟ್ಟೆ. ಅದೂ ಕಪ್ಪಾಯಿತು. ಯಾರೂ ನಗಲಿಲ್ಲ. ನಾನು ನಗದೆ ಇದ್ದದ್ದು ನನಗೇ ಆಶ್ಚರ್ಯ.

ಕಾಲರು ಸ್ವಲ್ಪ ತಿಳಿಯಾದ ಮೇಲೆ ಅವರು ಬೀಗಿತಿಯ ಕಡೆ ತಿರುಗಿದರು. "ಒಳಗೆ ಹೋಗಿ ಮಲಗಿ" ಅಂದರು. ಆಮೇಲೆ ಅಳಿಯನಿಗೆ, ಮುಖ ಬೇರೆ ಕಡೆ ಇಟ್ಟುಕೊಂಡು: "ನಾಳೆಯಿಂದ ಈ ತಲೆದಿಂಬಿಗೆ ಒಂದು ಟವೆಲ್ ಹಾಕು. ಕಪ್ಪು ಟವೆಲ್."

"ಸಾರ್, ನಾಳೆಯೂ ನಾನೇ..." ಎಂದ ಅಳಿಯ.

"ನಾಳೆಯಿಂದ ಅಂದೆನಲ್ಲ" ಎಂದು ಅವರು ಹೊರಟುಹೋದರು.

ಅವರು ಮರೆಯಾದ ಮೇಲೆ ಮಗಳು ಒಳಗೆ ಓಡಿದಳು. ಕಟ್ಟಿದ್ದ ಪಾತ್ರೆಗಳ ಗಂಟು ಬಿಚ್ಚುವ ಸದ್ದು ಬಂತು. ಅಳಿಯ ಚಕ್ರಕ್ಕೆ ಒರಗಿ ಕೂತು ಮಗುವಿನ ಹಾಗೆ ಅತ್ತ.

ನಾನು ಬೀಗಿತಿಯನ್ನು ಮಂಚದ ತನಕ ನಡೆಸಿಕೊಂಡು ಹೋದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಅವರ ಬಿಳಿ ಕೂದಲನ್ನು ಬಿಡಿಸಿ ಬಿಡಿಸಿ ಬಾಚಿದೆ.

"ಬೀಗರೇ" ಅಂದೆ, "ಈಗ ಮನೇಲಿ ಒಂದೂ ಕಪ್ಪು ಉಳಿಯಲಿಲ್ಲವಲ್ಲ."

"ನಿಮ್ಮ ನಾಲಿಗೆ ಇದೆಯಲ್ಲ" ಎಂದರು ಗೋಡೆಯ ಕಡೆಯೇ ನೋಡುತ್ತ.