ಮೃತ್ಯುಪತ್ರದ ಒಂದು ಶಬ್ದ

ಭೀಮಣ್ಣ ಎತ್ತಿದ ಹಾರೆ ಕೊಟ್ಟಿಗೆಯ ಗೋಡೆಗೆ ಬೀಳಬೇಕಾಗಿತ್ತು. ಗೊಲ್ಲಾಳಪ್ಪ ಅಡ್ಡ ಬಂದದ್ದರಿಂದ ಅವನ ಹೆಗಲಿಗೆ ಬಿತ್ತು. ಎಲುಬು ಮುರಿದ ಸಪ್ಪಳ ಹಿತ್ತಲಲ್ಲಿ ನಿಂತವರಿಗೆಲ್ಲ ಕೇಳಿಸಿತು. ಅವನು ಸೆಗಣಿಯ ಮೇಲೆ ಕುಸಿದು, ಕೂಗಲೂ ಆಗದೆ ಬಾಯಿ ತೆರೆದುಕೊಂಡು ಕೂತ. ಹೆಂಡತಿ ನೀಲಾಬಾಯಿ ಓಡಿಬಂದು ಸೆರಗನ್ನು ಗಾಯಕ್ಕೆ ಒತ್ತಿದಳು. ನೋಡನೋಡುತ್ತ ಸೆರಗು ಕೆಂಪಾಯಿತು.

"ಸರಿ ಅಂದ್ರ ಸರೀಬೇಕು," ಎಂದ ಭೀಮಣ್ಣ. "ಕೊಟ್ಟಗಿ ಇವತ್ತ ಬೀಳತದ."

ಭೀಮಣ್ಣ ಗೊಲ್ಲಾಳಪ್ಪನ ದೊಡ್ಡಪ್ಪನ ಮಗ. ಇಬ್ಬರ ಅಜ್ಜ ಸಾತಲಿಂಗಪ್ಪ ಮೈಂದರ್ಗಿಯ ಆಸ್ತಿ ಹಂಚುವಾಗ ಸೊಲ್ಲಾಪುರದ ವಕೀಲನೊಬ್ಬನಿಂದ ಇಂಗ್ಲಿಷಿನಲ್ಲಿ ಮೃತ್ಯುಪತ್ರ ಬರೆಸಿದ್ದ. ಆ ವಕೀಲನಿಗೆ ಇಂಗ್ಲಿಷ್ ಅಂದರೆ ಅಮಲು. ಮನೆ ಎಂದು ಬರೆದರೆ ಕೈ ಸವೆಯುತ್ತಿತ್ತೇನೋ, ಪುಣ್ಯಾತ್ಮ 'ಮೆಸ್ವಿಜ್' ಎಂದು ಬರೆದಿಟ್ಟು ಸತ್ತ. ಹೊಲವೆಲ್ಲ ಹಿರಿಮಗನಿಗೆ, ಮೆಸ್ವಿಜ್ ಕಿರಿಮಗನಿಗೆ, ಬರೆಯದೆ ಉಳಿದದ್ದೂ ಹಿರಿಮಗನಿಗೇ. ಎರಡು ತಲೆಮಾರು ಆ ಶಬ್ದದ ಗೊಡವೆಗೆ ಯಾರೂ ಹೋಗಲಿಲ್ಲ. ಕಿರಿಯವನ ಮಗ ಗೊಲ್ಲಾಳಪ್ಪ ಹಿತ್ತಲಲ್ಲಿ ಎಮ್ಮೆ ಕಟ್ಟಿ, ಹಾಲು ಮಾರಿ ಸಂಸಾರ ನಡೆಸಿದ. ಈಗ ಹಿತ್ತಲಿನ ಹಿಂದೆ ಹೊಸ ರಸ್ತೆ ಬಂದು, ಭೀಮಣ್ಣನ ಕಣ್ಣಿಗೆ ಅಲ್ಲಿ ಅಂಗಡಿಗಳ ಸಾಲು ಕಾಣತೊಡಗಿತ್ತು. ಕಾಗದದಲ್ಲಿ ಇರುವುದು ಬರೀ ಮನೆ, ಹಿತ್ತಲು ಇಲ್ಲವೇ ಇಲ್ಲ ಎಂದು ಅವನು ಹಟ ಹಿಡಿದಿದ್ದ.

ಆ ಶಬ್ದದ ಅರ್ಥ ಕೇಳಿಕೊಂಡು ಬಾ ಎಂದು ಅವನೇ ಮಗಳಿಗೆ ಫೋನ್ ಮಾಡಿದ್ದ. ಶ್ರದ್ಧಾ ಸೊಲ್ಲಾಪುರದಲ್ಲಿ ಕಾನೂನು ಓದುತ್ತಿದ್ದಳು. ಹೆಣ್ಣಿಗೆ ಯಾಕೆ ವಕೀಲಿ ಎಂದು ಬಾಯಿ ಮಾಡಿದ ನೆಂಟರೆದುರು ಎದೆ ಕೊಟ್ಟು ನಿಂತು ಓದಿಸಿದವನೂ ಈ ಅಪ್ಪನೇ. ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಹಿತ್ತಲಿಗೆ ಓಡಿದಳು.

"ಬಂದಿ? ಛಲೋ ಆತು. ಎಲ್ಲಾರ ಮುಂದ ಹೇಳು. ಆ ಶಬ್ದಂದ್ರ ಬರೇ ಮನಿ, ಹೌದಲ್ಲ?"

"ಮೊದಲ ಕಾಕಾನ್ನ ದವಾಖಾನಿಗೆ ಒಯ್ಯೋಣು, ಅಪ್ಪಾ."

"ಹೇಳು ಮೊದಲ!"

"ಅದು ಹಳೀ ಇಂಗ್ಲಿಷ್. ಈಗ ಯಾರೂ ಆಡಂಗಿಲ್ಲ, ಹಳೀ ಕಾಗದದಾಗ ಅಷ್ಟ ಉಳದದ. ಮೆಸ್ವಿಜ್ ಅಂದ್ರ ಬರೇ ಮನಿ ಅಲ್ಲಪ್ಪಾ. ಮನಿ, ಅಂಗಳ, ಹಿತ್ತಲ, ಕೊಟ್ಟಗಿ, ಎಲ್ಲಾ ಕೂಡಿ ಒಂದ. ಇದು ಕಾಕಾಂದು."

ಕಪಾಳಕ್ಕೆ ಬಿದ್ದ ಏಟಿಗೆ ಅವಳ ತುಟಿ ಒಡೆಯಿತು.

"ಈಗ ಹೇಳು. ಯಾರದು?"

"ಕಾಕಾಂದು."

ಮುಂಗೈ ತಿರುಗಿಸಿ ಮತ್ತೆ ಹೊಡೆದ. ಅವಳು ಮೊಣಕಾಲೂರಿ ಬಿದ್ದಳು. ಕಿವಿ ಗುಂಯ್‌ಗುಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ಅವಳ ಮೇಲೆ ಒಮ್ಮೆಯೂ ಕೈ ಎತ್ತಿರಲಿಲ್ಲ. ನೋವಿಗಿಂತ ಅದಕ್ಕೇ ಅವಳಿಗೆ ಅಳು ಬಂತು.

"ಹೂಂ ಅಂದಬಿಡವ್ವಾ," ಎಂದು ಗೊಲ್ಲಾಳಪ್ಪನೇ ನರಳಿದ. "ನಿನ್ನ ಕೊಂದಾನು."

ನೆರೆಯವರು ಅವನನ್ನು ಎತ್ತಿ ಟೆಂಪೋದತ್ತ ಒಯ್ದರು. ಭೀಮಣ್ಣ ಹಾರೆ ಎತ್ತಿಕೊಂಡ.

"ಯಾರೂ ಆಡದ ಮಾತು ಅಂದಿ. ಸತ್ತ ಮಾತಿಗೆ ನಾ ಯಾಕ ಅಂಜಲಿ?" ಎನ್ನುತ್ತ ಕೊಟ್ಟಿಗೆಯ ಹಿಂದಕ್ಕೆ ನಡೆದ.

ಶ್ರದ್ಧಾ ಎದ್ದು ಕೊಟ್ಟಿಗೆಯ ಒಳಗೆ ಹೋದಳು. ಎಮ್ಮೆಯನ್ನು ಬಿಚ್ಚಿ ಹೊರಗೆ ಅಟ್ಟಿ, ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಕೂತಳು.

"ಅಪ್ಪಾ, ನಾ ಒಳಗಿದ್ದೀನಿ!" ಎಂದು ಕೂಗಿದಳು.

ಹೊರಗೆ ಹೆಜ್ಜೆಯ ಸಪ್ಪಳ ನಿಂತಿತು. ಆಮೇಲೆ ಪೆಟ್ಟು ಬಿತ್ತು. ಅದು ಅವಳ ಬೆನ್ನುಹುರಿಯವರೆಗೆ ಇಳಿಯಿತು. ತಲೆಯ ಮೇಲೆ ಮಣ್ಣು ಉದುರಿತು. ಎರಡನೇ ಪೆಟ್ಟಿಗೆ ಹಾರೆಯ ತುದಿ ಅವಳ ಕಿವಿಯಿಂದ ನಾಲ್ಕು ಬೆರಳು ದೂರದಲ್ಲಿ ಗೋಡೆ ಸೀಳಿ ಒಳಗೆ ಬಂದು, ಮತ್ತೆ ಹಿಂದೆ ಸರಿಯಿತು. ತೂತಿನಿಂದ ಬಿಸಿಲು ಬಿತ್ತು. ಅವಳು ತಿರುಗಿ ನೋಡಿದಳು. ಆಚೆ ಅಪ್ಪನ ಕಣ್ಣು ಇತ್ತು.

ಶ್ರದ್ಧಾ ಸರಿದು ಕೂತು, ಆ ತೂತಿಗೇ ಬೆನ್ನು ಕೊಟ್ಟಳು.